ಸೋತ ರಾತ್ರಿಯ ಊಟ



ಮನೆಯಲ್ಲಿ ಒಬ್ಬರಿಗೆ ಸೋಲಾದ ದಿನ ರಾತ್ರಿಯ ಊಟ ಹೇಗಿರುತ್ತದೆ? ಮಗ ಪರೀಕ್ಷೆಯಲ್ಲಿ ಫೇಲಾಗಿದ್ದಾನೆ, ಅಥವಾ ಅಪ್ಪನ ಕೆಲಸ ಹೋಗಿದೆ, ಇಲ್ಲವೇ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದಿದೆ ಎಂದಿಟ್ಟುಕೊಳ್ಳಿ. ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬರು ಹಸಿವಿಲ್ಲ ಎಂದು ಹೇಳಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ. ಕೆಲವು ಮನೆಗಳಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯುತ್ತದೆ. "ನಾನು ಅವತ್ತೇ ಹೇಳಿದ್ದೆನಲ್ಲ" ಎಂದು ಯಾರೋ ಒಬ್ಬರು ಬಾಯಿ ತೆರೆಯುತ್ತಾರೆ. ಅಲ್ಲಿಗೆ ಆ ಸೋಲು ಮನೆಯ ಸೋಲಾಗಿ ಉಳಿಯುವುದಿಲ್ಲ, ಒಬ್ಬನ ಅಪರಾಧವಾಗಿಬಿಡುತ್ತದೆ.

ಈ ವಾರ ನಮ್ಮ ಕುಟುಂಬ ಪಾಠಕ್ಕೆ ಒಂದು ಆಟದ ತಂಡದ ಕಥೆಯನ್ನು ತೆಗೆದುಕೊಂಡಿದ್ದೇವೆ. ಆಟದ ವಿಷಯ ಈ ಪುಟಕ್ಕೇಕೆ ಎಂದು ಹಿರಿಯರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಟದ ಹೆಸರುಗಳು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತವೆ.

ಸಂತರ ಹೆಸರಿನ ಊರು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಸ್ಯಾನ್ ಆಂಟೋನಿಯೊ ಎಂಬ ನಗರವಿದೆ. ಪಾದುವಾದ ನಮ್ಮ ಸಂತ ಅಂತೋಣಿಯವರ ಹೆಸರೇ ಅದು. 1691ರ ಜೂನ್ 13ರಂದು, ಅಂದರೆ ಆ ಸಂತರ ಹಬ್ಬದ ದಿನ, ಸ್ಪೇನ್ ದೇಶದವರ ಒಂದು ತಂಡ ಅಲ್ಲಿಯ ನದಿಯ ದಡಕ್ಕೆ ಬಂದು ಆ ಹೆಸರಿಟ್ಟಿತು. ಈ ಊರಿನ ಬಾಸ್ಕೆಟ್‌ಬಾಲ್ ತಂಡದ ಹೆಸರು ಸ್ಪರ್ಸ್. ಕುದುರೆ ಸವಾರರು ಬೂಟಿನ ಹಿಂಬದಿಗೆ ಕಟ್ಟಿಕೊಳ್ಳುವ ಮುಳ್ಳಿನ ಸಾಧನಕ್ಕೆ ಆ ಹೆಸರು.

ಬಾಸ್ಕೆಟ್‌ಬಾಲ್ ನಮಗೆ ಹೊಸದಲ್ಲ, ನಮ್ಮ ಎಷ್ಟೋ ಶಾಲೆಗಳ ಅಂಗಳದಲ್ಲಿ ಬುಟ್ಟಿ ಕಟ್ಟಿದ ಎರಡು ಕಂಬಗಳಿರುತ್ತವೆ. ಒಂದು ಕಡೆಗೆ ಐದು ಜನ. ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಕೂಟದಲ್ಲಿ ಒಂದು ಪಂದ್ಯಕ್ಕೆ 48 ನಿಮಿಷ. ವರ್ಷಕ್ಕೆ ಪ್ರತಿ ತಂಡ 82 ಪಂದ್ಯ ಆಡುತ್ತದೆ. ನಂತರ ಮೇಲಿನ 16 ತಂಡಗಳಿಗೆ ಪ್ಲೇಆಫ್ ಎಂಬ ಕೊನೆಯ ಹಂತವಿರುತ್ತದೆ. ಅಲ್ಲಿ ಒಂದೊಂದು ಸರಣಿಯೂ ಏಳು ಪಂದ್ಯಗಳದ್ದು, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಹೀಗೆ ನಾಲ್ಕು ಸರಣಿ ಗೆದ್ದವರು ಚಾಂಪಿಯನ್ನರು. ಇಷ್ಟು ಗೊತ್ತಿದ್ದರೆ ಸಾಕು.

ಸ್ಪರ್ಸ್ ತಂಡದ ತರಬೇತುದಾರರಾಗಿದ್ದವರು ಗ್ರೆಗ್ ಪೊಪೊವಿಚ್. 1996ರಿಂದ 2025ರವರೆಗೆ ಅವರೇ ಅಲ್ಲಿಯ ಹಿರಿಯರಾಗಿದ್ದರು. ಮಾತು ಒರಟು, ಪತ್ರಕರ್ತರಿಗೆ ಅವರನ್ನು ಕಂಡರೆ ಹೆದರಿಕೆ. ಆಟಗಾರರಲ್ಲಿ ಹಿರಿಯ ಟಿಮ್ ಡಂಕನ್. ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ಎಂಬ ಪುಟ್ಟ ದ್ವೀಪದಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ಅವರು ಈಜುಗಾರ. 1989ರ ಚಂಡಮಾರುತ ದ್ವೀಪದ ಈಜುಕೊಳವನ್ನು ಹಾಳುಮಾಡಿತು. ಮರುವರ್ಷ, ಅವರಿಗೆ ಹದಿನಾಲ್ಕು ತುಂಬುವ ಹಿಂದಿನ ದಿನ, ತಾಯಿ ಕ್ಯಾನ್ಸರ್‌ನಿಂದ ತೀರಿಹೋದರು. ಆಮೇಲೆ ಕೈಗೆ ಬಂದದ್ದು ಚೆಂಡು. ಅವರ ಜೊತೆಗೆ ಅರ್ಜೆಂಟೀನಾದ ಮನು ಜಿನೊಬಿಲಿ, ಫ್ರಾನ್ಸಿನ ಟೋನಿ ಪಾರ್ಕರ್. ಈ ಮೂವರನ್ನು ಇಟ್ಟುಕೊಂಡು ಪೊಪೊವಿಚ್ 2003, 2005, 2007ರಲ್ಲಿ ಚಾಂಪಿಯನ್ ಪಟ್ಟ ಗೆದ್ದಿದ್ದರು. ನಂತರ ಆರು ವರ್ಷ ಬರಿಗೈ. ಮೂವರಿಗೂ ವಯಸ್ಸಾಗುತ್ತಾ ಬಂತು. ಇವರ ಕಾಲ ಮುಗಿಯಿತು ಎಂದು ಜನ ಆಡಿಕೊಂಡರು.

ಇಪ್ಪತ್ತೆಂಟು ಸೆಕೆಂಡು

2013ರ ಜೂನ್‌ನಲ್ಲಿ ಅವರು ಮತ್ತೆ ಅಂತಿಮ ಸರಣಿ ತಲುಪಿದರು. ಎದುರಾಳಿ ಮಯಾಮಿ ಹೀಟ್, ಆ ಕಾಲದ ಅತಿ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್ ಅವರ ತಂಡ. ಐದು ಪಂದ್ಯ ಮುಗಿದಾಗ ಸ್ಪರ್ಸ್ ಮೂರು ಗೆದ್ದಿತ್ತು. ಇನ್ನೊಂದು ಗೆದ್ದರೆ ಪಟ್ಟ.

ಜೂನ್ 18, ಆರನೆಯ ಪಂದ್ಯ, ಮಯಾಮಿಯಲ್ಲಿ. 28 ಸೆಕೆಂಡು ಉಳಿದಿದ್ದಾಗ ಸ್ಪರ್ಸ್ 94, ಮಯಾಮಿ 89. ಗೆದ್ದವರಿಗೆ ಬಹುಮಾನ ಕೊಡುವುದಕ್ಕಾಗಿ ಅಂಕಣದ ಸುತ್ತ ಹಳದಿ ಹಗ್ಗ ಹಿಡಿದು ನಿಲ್ಲಲು ಸಿಬ್ಬಂದಿ ಬಂದಾಗಿತ್ತು. ಮಯಾಮಿಯ ಅಭಿಮಾನಿಗಳಲ್ಲಿ ಕೆಲವರು ಎದ್ದು ಮನೆಯ ದಾರಿ ಹಿಡಿದಿದ್ದರು.

ಆ ಕೊನೆಯ ಗಳಿಗೆಯಲ್ಲಿ ಏನೇನಾಯಿತು ನೋಡಿ. ಅನುಭವಿ ಜಿನೊಬಿಲಿಗೆ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಯಾರ ಅಡ್ಡಿಯೂ ಇಲ್ಲದೆ ಗೆರೆಯ ಮೇಲೆ ನಿಂತು ಬುಟ್ಟಿಗೆ ಎಸೆಯುವ ಅವಕಾಶ ಅದು. ಅವರು ಒಂದನ್ನು ಹಾಕಿದರು, ಒಂದು ತಪ್ಪಿತು. ಜೇಮ್ಸ್ ದೂರದಿಂದ ಮೂರು ಅಂಕದ ಬುಟ್ಟಿ ಹಾಕಿದರು. ಮುಂದೆ ಇಪ್ಪತ್ತೊಂದು ವರ್ಷದ ಕವಾಯ್ ಲೆನಾರ್ಡ್ ಗೆರೆಯ ಮೇಲೆ ನಿಂತರು. ಅವರದೂ ಒಂದು ಬಿತ್ತು, ಒಂದು ತಪ್ಪಿತು. 95–92. ಈಗ ಎದುರಾಳಿಗಳು ಮೂರು ಅಂಕದ ಎಸೆತಕ್ಕೇ ಹೋಗುತ್ತಾರೆಂದು ತಿಳಿದು, ಓಡಾಟ ಚುರುಕಾಗಿರಲಿ ಎಂದು ಪೊಪೊವಿಚ್ ಎತ್ತರದ ಡಂಕನ್‌ರನ್ನು ಬೆಂಚಿನಲ್ಲಿ ಕೂರಿಸಿದರು. ಜೇಮ್ಸ್ ಎಸೆದ ಚೆಂಡು ತಪ್ಪಿತು. ಆದರೆ ಪುಟಿದ ಚೆಂಡನ್ನು ಹಿಡಿಯಬೇಕಾದ ಡಂಕನ್ ಅಲ್ಲಿರಲಿಲ್ಲ. ಮಯಾಮಿಯ ಕ್ರಿಸ್ ಬಾಷ್ ಅದನ್ನು ಹಿಡಿದು ರೇ ಆಲನ್‌ಗೆ ಕೊಟ್ಟರು. ಆಲನ್ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೂಲೆಗೆ ಹೋಗಿ ಎಸೆದರು. 5 ಸೆಕೆಂಡು ಉಳಿದಿತ್ತು. 95–95. ಹೆಚ್ಚುವರಿ ಸಮಯದಲ್ಲಿ ಮಯಾಮಿ 103–100ರಿಂದ ಗೆದ್ದಿತು.

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಈ ಸೋಲಿನಲ್ಲಿ ಎಲ್ಲರ ಪಾಲೂ ಇತ್ತು. ಹಿರಿಯ ತಪ್ಪಿದ, ಕಿರಿಯ ತಪ್ಪಿದ, ಮನೆಯ ಯಜಮಾನನ ಲೆಕ್ಕಾಚಾರವೂ ತಪ್ಪಿತು. ಬೆರಳು ತೋರಿಸಬೇಕೆಂದರೆ ಯಾರ ಕಡೆಗೂ ತೋರಿಸಬಹುದಿತ್ತು. ಅದರಲ್ಲೂ ಆ ಇಪ್ಪತ್ತೊಂದರ ಹುಡುಗನ ಕಡೆಗೆ ತೋರಿಸುವುದು ಬಹಳ ಸುಲಭವಿತ್ತು. ಮನೆಗಳಲ್ಲಿಯೂ ನಾವು ಸಾಮಾನ್ಯವಾಗಿ ಕಿರಿಯರನ್ನೇ ಆರಿಸಿಕೊಳ್ಳುತ್ತೇವೆ, ಅಲ್ಲವೇ?

ರದ್ದಾಗದ ಊಟ

ಅಂದು ರಾತ್ರಿ ಗೆಲುವಿನ ಸಂತೋಷಕ್ಕೆಂದು ಮಯಾಮಿಯ ಒಂದು ಇಟಾಲಿಯನ್ ಹೋಟೆಲಿನಲ್ಲಿ ತಂಡಕ್ಕೂ ಅವರ ಕುಟುಂಬಗಳಿಗೂ ಊಟ ಹೇಳಿಟ್ಟಿದ್ದರು. ಸೋತ ಮೇಲೆ ಯಾರಿಗೆ ಊಟ ಬೇಕು? ನಾವಾಗಿದ್ದರೆ ಹೋಟೆಲಿಗೆ ಫೋನು ಮಾಡಿ ಬೇಡವೆಂದು ಹೇಳಿ, ಅವರವರ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು.

ಪೊಪೊವಿಚ್ ಊಟ ರದ್ದು ಮಾಡಲಿಲ್ಲ. ಎಲ್ಲರೂ ಅಲ್ಲಿಗೇ ಬರಬೇಕೆಂದು ಹೇಳಿ, ತಾವು ಬೇರೆ ಕಾರಿನಲ್ಲಿ ಮುಂಚೆಯೇ ಹೋದರು. ಮೇಜುಗಳನ್ನು ಹೇಗೆ ಹಾಕಬೇಕೆಂದು ನಿಂತು ಹೇಳಿದರು. ನಡುವೆ ತಂಡ, ಸುತ್ತ ಅವರವರ ಮನೆಯವರು. ಆಟಗಾರರು ಬಂದಾಗ ಅವರನ್ನು ಎದುರುಗೊಂಡು ಒಳಗೆ ಕರೆದೊಯ್ದರು. ಊಟ ನಡೆಯುತ್ತಿದ್ದಾಗ ಒಬ್ಬೊಬ್ಬರ ಬಳಿಗೂ ಹೋಗಿ ಮಾತನಾಡಿಸಿದರು. ಅವರ ಮನಸ್ಸು ಒಡೆದಿರಲಿಲ್ಲವೆಂದಲ್ಲ. ಡಂಕನ್‌ರನ್ನು ಹೊರಗೆ ಕೂರಿಸಿದ ನಿರ್ಧಾರಕ್ಕೆ ದೇಶವೆಲ್ಲ ಅವರನ್ನೇ ಬೈಯುತ್ತಿತ್ತು. ಆದರೂ ಆ ರಾತ್ರಿ ತನ್ನ ನೋವನ್ನು ಬದಿಗಿಟ್ಟು ಬಡಿಸುವವನ ಜಾಗದಲ್ಲಿ ನಿಂತರು.

ಈ ಊಟದ ಬಲದಿಂದ ಮುಂದಿನ ಪಂದ್ಯ ಗೆದ್ದರೆಂದು ಬರೆಯಲು ನನಗೂ ಆಸೆ. ಆದರೆ ಹಾಗಾಗಲಿಲ್ಲ. ಎರಡೇ ದಿನದ ನಂತರ, ಜೂನ್ 20ರಂದು, ಏಳನೆಯ ಪಂದ್ಯವನ್ನೂ 95–88ರಿಂದ ಸೋತರು. ಕೊನೆಯ ನಿಮಿಷದಲ್ಲಿ ಎರಡು ಅಂಕ ಹಿಂದಿದ್ದಾಗ ಡಂಕನ್‌ಗೆ ಬುಟ್ಟಿಯ ಹತ್ತಿರದಲ್ಲೇ ಅವಕಾಶ ಸಿಕ್ಕಿತ್ತು. ಸಾವಿರ ಸಲ ಹಾಕಿದ್ದ ಎಸೆತ ಅದು. ತಪ್ಪಿತು. ಓಡಿ ಹಿಂದಕ್ಕೆ ಬಂದ ಡಂಕನ್ ಎರಡೂ ಕೈಗಳಿಂದ ನೆಲಕ್ಕೆ ಬಡಿದುಕೊಂಡರು. ಯಾವಾಗಲೂ ಭಾವವಿಲ್ಲದ ಮುಖದ ಆ ಮನುಷ್ಯನನ್ನು ಜನ ಹಾಗೆ ನೋಡಿರಲಿಲ್ಲ.

ಊಟದಿಂದ ಗೆಲುವು ಬರುವುದಿಲ್ಲ. ನಾಳೆ ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡುವಂತೆ ಇರಲು ಅದು ಬೇಕಾಗುತ್ತದೆ, ಅಷ್ಟೇ.

ಮೊದಲ ದಿನದ ಪಾಠ

ಬೇಸಿಗೆ ಕಳೆಯಿತು. ಹೊಸ ಋತುವಿನ ತರಬೇತಿ ಆರಂಭವಾಯಿತು. ಪೊಪೊವಿಚ್ ಮಾಡಿದ ಮೊದಲ ಕೆಲಸವೆಂದರೆ ಎಲ್ಲರನ್ನೂ ಕೂರಿಸಿ ಹಿಂದಿನ ವರ್ಷದ ಆ ಸೋಲಿನ ಚಿತ್ರವನ್ನು ಹಾಕಿ ತೋರಿಸಿದ್ದು. ಯಾವುದನ್ನು ಮರೆಯಲು ಅವರೆಲ್ಲ ಮೂರು ತಿಂಗಳು ಹೆಣಗಿದ್ದರೋ ಅದನ್ನೇ. ಎಲ್ಲಿ ಜಾಗ ತಪ್ಪಿತು, ಯಾರು ಹಿಡಿಯಬೇಕಿತ್ತು, ಏನು ಮಾಡಬಹುದಿತ್ತು ಎಂದು ಬಿಡಿಬಿಡಿಯಾಗಿ ನೋಡಿದರು. ಚೆಂಡು ಹೇಗೋ ಪುಟಿಯಿತು, ಅದೃಷ್ಟ ಕೆಟ್ಟಿತ್ತು ಎಂಬ ನೆಪಕ್ಕೆ ಅಲ್ಲಿ ಅವಕಾಶವಿರಲಿಲ್ಲ. ನೋಡಿ ಮುಗಿಸಿದ ಮೇಲೆ ಎದ್ದು ಆಡಲು ಹೋದರು.

ಎರಡು ಕೆಲಸಗಳೂ ಒಬ್ಬನೇ ಮನುಷ್ಯನವು ಎಂಬುದನ್ನು ಗಮನಿಸಬೇಕು. ಸೋತ ರಾತ್ರಿ ಅವರು ಆಟದ ಪಾಠ ಹೇಳಲಿಲ್ಲ, ಊಟ ಹಾಕಿದರು. ಕಾಲ ಬಂದಾಗ ಮುಚ್ಚಿಡಲಿಲ್ಲ, ಎಲ್ಲರ ಮುಂದೆ ಬಿಚ್ಚಿಟ್ಟರು. ನಮ್ಮಲ್ಲಿ ಬಹುಪಾಲು ಹೆತ್ತವರು ಇದನ್ನು ತಿರುಗುಮುರುಗು ಮಾಡುತ್ತೇವೆ ಎಂದು ನನ್ನ ಅನಿಸಿಕೆ. ಫಲಿತಾಂಶ ಬಂದ ದಿನವೇ ಭಾಷಣ ಮಾಡಿ, ಆಮೇಲೆ ವರ್ಷವಿಡೀ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಬಾಯಿ ಕಟ್ಟುತ್ತೇವೆ. ನೆಂಟರು ಕೇಳಿದರೆ ಸುಳ್ಳು ಹೇಳುತ್ತೇವೆ. ಮಗುವಿಗೆ ತನ್ನ ಸೋಲು ಮನೆಗೆ ಅಂಟಿದ ಕೊಳೆ ಎಂದೇ ಅರ್ಥವಾಗುತ್ತದೆ.

ಇಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಮನೆಯವರೆಲ್ಲ ಮಾತಾಡಿಕೊಳ್ಳಬಹುದು. ನಮ್ಮ ಮನೆಯಲ್ಲಿ ಯಾರೂ ಎತ್ತದ ವಿಷಯ ಯಾವುದು? ಅದನ್ನು ಎತ್ತದಿರುವುದು ನೊಂದವರ ಮೇಲಿನ ಪ್ರೀತಿಯಿಂದಲೋ, ನಮ್ಮ ನಾಚಿಕೆಯಿಂದಲೋ? ಅಪ್ಪ ಅಥವಾ ಅಮ್ಮ ಮೊದಲು ತಮ್ಮದೇ ಒಂದು ತಪ್ಪು ಲೆಕ್ಕಾಚಾರವನ್ನು ಮಕ್ಕಳ ಮುಂದೆ ಹೇಳಿದರೆ ಮಾತು ಸುಲಭವಾಗಿ ಶುರುವಾಗುತ್ತದೆ. ಪೊಪೊವಿಚ್ ತೋರಿಸಿದ ಚಿತ್ರದಲ್ಲಿ ಪೊಪೊವಿಚ್‌ರ ತಪ್ಪೂ ಇತ್ತಲ್ಲ!

ಹಂಚಿ ಆಡಿದ ವರ್ಷ

2013–14ರ ಋತುವಿನಲ್ಲಿ ಸ್ಪರ್ಸ್ 82ರಲ್ಲಿ 62 ಪಂದ್ಯ ಗೆದ್ದು ಇಡೀ ಕೂಟದಲ್ಲೇ ಮೊದಲನೆಯದಾಯಿತು. ಅದರಲ್ಲಿ ಒಮ್ಮೆ ಸತತವಾಗಿ 19 ಗೆಲುವು. ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಅಂಕಿ ಬೇರೊಂದಿದೆ. ಆ ವರ್ಷ ತಂಡದ ಯಾವ ಆಟಗಾರನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಎನ್‌ಬಿಎ ಇತಿಹಾಸದಲ್ಲಿ ಹಾಗೆ ಆಡಿದ ಮೊದಲ ತಂಡ ಅದು. ಹಿರಿಯರು ಕೆಲವು ನಿಮಿಷಗಳನ್ನು ಬಿಟ್ಟುಕೊಟ್ಟರು, ಕಿರಿಯರು ಆ ನಿಮಿಷಗಳಲ್ಲಿ ಬೆಳೆದರು. ತಂಡದಲ್ಲಿ ಹೆಚ್ಚು ಅಂಕ ಗಳಿಸಿದ ಪಾರ್ಕರ್‌ರ ಸರಾಸರಿಯೇ 17ಕ್ಕಿಂತ ಕಡಿಮೆ.

ಬಿಟ್ಟುಕೊಡುವುದು ಅಲ್ಲಿ ಹಳೆಯ ಅಭ್ಯಾಸ. ತಮ್ಮ ದೇಶಕ್ಕೆ 2004ರ ಒಲಿಂಪಿಕ್ಸ್ ಚಿನ್ನ ಗೆದ್ದುಕೊಟ್ಟ ಜಿನೊಬಿಲಿ ಬೇರೆ ಯಾವ ತಂಡದಲ್ಲಿದ್ದರೂ ಮೊದಲ ಐವರಲ್ಲಿ ಒಬ್ಬರಾಗುತ್ತಿದ್ದರು. ತಂಡಕ್ಕೆ ಒಳ್ಳೆಯದೆಂದು ಪೊಪೊವಿಚ್ ಕೇಳಿಕೊಂಡದ್ದಕ್ಕೆ ವರ್ಷಗಟ್ಟಲೆ ಬೆಂಚಿನಲ್ಲಿ ಕೂತು, ಕರೆದಾಗ ಎದ್ದು ಹೋದರು. ಡಂಕನ್ 2012ರಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕುವಾಗ ವರ್ಷದ ಸಂಬಳವನ್ನು ಸುಮಾರು ಅರ್ಧಕ್ಕೆ ಇಳಿಸಿಕೊಂಡರು. ಉಳಿದ ಹಣದಲ್ಲಿ ಒಳ್ಳೆಯ ಜೊತೆಗಾರರನ್ನು ಇಟ್ಟುಕೊಳ್ಳಲು ಸಾಧ್ಯವಾಯಿತು. ಅರ್ಧ ಸಂಬಳವೆಂದರೂ ಅದು ಕೋಟಿಗಳ ಮಾತು, ನಮ್ಮ ನಿಮ್ಮ ಅರ್ಧ ಸಂಬಳದಂತಲ್ಲ. ಆದರೂ ಕೋಟಿ ಇದ್ದವರೆಲ್ಲ ಬಿಟ್ಟುಕೊಡುವುದನ್ನು ನಾವು ಕಂಡಿಲ್ಲವಷ್ಟೆ.

ಚೆಂಡಿನ ವಿಷಯದಲ್ಲೂ ಅದೇ ರೀತಿ. ತನಗೆ ಒಳ್ಳೆಯ ಅವಕಾಶವಿದ್ದರೂ ಪಕ್ಕದವನಿಗೆ ಇನ್ನೂ ಒಳ್ಳೆಯ ಅವಕಾಶವಿದ್ದರೆ ಚೆಂಡನ್ನು ಅವನಿಗೆ ಕೊಡಬೇಕು. ಹೇಳಲು ಸುಲಭ. ಬುಟ್ಟಿ ಎದುರಿಗಿರುವಾಗ, ಹೆಸರು ಬರುವ ಗಳಿಗೆಯಲ್ಲಿ, ಕೈ ತಡೆಯುವುದು ಕಷ್ಟ. ಜೊತೆಗಾರನ ಬುಟ್ಟಿಗೆ ದಾರಿಮಾಡಿಕೊಟ್ಟ ಎಸೆತಗಳನ್ನು ಲೆಕ್ಕ ಇಡುತ್ತಾರೆ. ಆ ಲೆಕ್ಕದಲ್ಲಿ ಆ ವರ್ಷ ಸ್ಪರ್ಸ್ ಎಲ್ಲ ತಂಡಗಳಿಗಿಂತ ಮುಂದಿತ್ತು. ಪಂದ್ಯಕ್ಕೆ ಸರಾಸರಿ 25ಕ್ಕೂ ಹೆಚ್ಚು.

ತಂಡದ ಅರ್ಧಕ್ಕಿಂತ ಹೆಚ್ಚು ಮಂದಿ ಅಮೆರಿಕದ ಹೊರಗಿನಿಂದ ಬಂದವರು. ಫ್ರಾನ್ಸ್, ಅರ್ಜೆಂಟೀನಾ, ಬ್ರೆಜಿಲ್, ಇಟಲಿ, ಕೆನಡಾ, ಆಸ್ಟ್ರೇಲಿಯಾ. ಒಬ್ಬೊಬ್ಬರ ಊರಿನ ಕಥೆಯನ್ನು ಉಳಿದವರು ತಿಳಿದಿರಬೇಕೆಂಬುದು ಪೊಪೊವಿಚ್‌ರ ಹಟ. 2014ರ ಅಂತಿಮ ಸರಣಿಗೆ ಎರಡೇ ದಿನವಿದ್ದಾಗ, ಜೂನ್ 3ರಂದು, ಎಲ್ಲರನ್ನೂ ಕೂರಿಸಿ ಅವರು ಹೇಳಿದ್ದು ಎದುರಾಳಿಯ ವಿಷಯವನ್ನಲ್ಲ, ಎಡ್ಡಿ ಮಾಬೊ ಎಂಬುವರ ವಿಷಯವನ್ನು. ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲೆ ಹಕ್ಕಿದೆಯೆಂದು 1992ರ ಅದೇ ದಿನ ಅಲ್ಲಿಯ ಉಚ್ಚ ನ್ಯಾಯಾಲಯ ಒಪ್ಪಿದ್ದು ಮಾಬೊ ಹೂಡಿದ ಮೊಕದ್ದಮೆಯಿಂದ. ತಂಡದ ಪ್ಯಾಟಿ ಮಿಲ್ಸ್ ಆ ಜನರಲ್ಲಿ ಒಬ್ಬರು, ಮಾಬೊ ಅವರ ಬಂಧು. ಪಕ್ಕದಲ್ಲಿ ಕೂತವನ ಅಜ್ಜಂದಿರು ಏನು ಅನುಭವಿಸಿದರೆಂದು ಗೊತ್ತಾದ ಮೇಲೆ ಅವನಿಗೆ ಚೆಂಡು ಕೊಡುವಾಗ ಕೈ ಹಿಂಜರಿಯುವುದಿಲ್ಲವೆಂದು ಪೊಪೊವಿಚ್ ನಂಬಿದ್ದರೋ ಏನೋ.

ಎಂಟನೆಯವರ ಕಾಟ

ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಎದುರಾದದ್ದು ಅದೇ ರಾಜ್ಯದ ಡಲ್ಲಾಸ್ ತಂಡ. ತಮ್ಮ ವಿಭಾಗದಲ್ಲಿ ಎಂಟನೆಯ, ಅಂದರೆ ಕಡೆಯ ಸ್ಥಾನದಿಂದ ಬಂದವರು. ಆ ವರ್ಷ ಸ್ಪರ್ಸ್ ಅವರನ್ನು ನಾಲ್ಕಕ್ಕೆ ನಾಲ್ಕೂ ಸಲ ಸೋಲಿಸಿತ್ತು. ಸುಲಭವೆಂದು ಎಲ್ಲರೂ ಅಂದುಕೊಂಡರು. ಒಂದೊಂದು ಪಂದ್ಯ ಗೆದ್ದು ಸಮವಾದ ಮೇಲೆ ಮೂರನೆಯದರಲ್ಲಿ ಕೊನೆಯ ಕ್ಷಣಕ್ಕೆ ಸ್ಪರ್ಸ್ ಎರಡು ಅಂಕ ಮುಂದಿತ್ತು. ಡಲ್ಲಾಸ್‌ನ ವಿನ್ಸ್ ಕಾರ್ಟರ್ ಮೂಲೆಯಿಂದ ಮೂರು ಅಂಕದ ಚೆಂಡು ಎಸೆದರು. ಗಂಟೆ ಬಾರಿಸುತ್ತಿದ್ದಂತೆ ಅದು ಬುಟ್ಟಿಯೊಳಗೆ ಬಿತ್ತು. ಮತ್ತೆ ಮೂಲೆ, ಮತ್ತೆ ಕೊನೆಯ ಗಳಿಗೆ! ಹಿಂದಿನ ವರ್ಷದ ಗಾಯ ವಾಸಿಯಾಗಿರದಿದ್ದರೆ ಆ ತಂಡ ಅಲ್ಲೇ ಕುಸಿಯಬೇಕಿತ್ತು. ಕುಸಿಯಲಿಲ್ಲ. ನಾಲ್ಕನ್ನೂ ಐದನ್ನೂ ಗೆದ್ದರು, ಆರನೆಯದನ್ನು ಎರಡು ಅಂಕದಿಂದ ಸೋತರು. ಏಳನೆಯದನ್ನು ತಮ್ಮೂರಿನಲ್ಲಿ 119–96ರಿಂದ ಗೆದ್ದರು.

ನಂತರ ಪೋರ್ಟ್‌ಲೆಂಡ್ ಮೇಲೆ 4–1, ಓಕ್ಲಹೋಮ ಸಿಟಿ ಮೇಲೆ 4–2. ಓಕ್ಲಹೋಮದ ಕೊನೆಯ ಪಂದ್ಯದಲ್ಲಿ ಪಾರ್ಕರ್ ಕಾಲು ನೋವಿನಿಂದ ಅರ್ಧದಲ್ಲೇ ಕೂತರು. ಹೆಚ್ಚುವರಿ ಸಮಯದಲ್ಲಿ ಮೂವತ್ತೆಂಟರ ಡಂಕನ್ ದಡ ಮುಟ್ಟಿಸಿದರು. ಎದುರಿಗೆ ಮತ್ತೆ ಅದೇ ಮಯಾಮಿ.

ಅದೇ ಹುಡುಗ

ಮೊದಲ ಪಂದ್ಯ ಜೂನ್ 5ರಂದು ಸ್ಯಾನ್ ಆಂಟೋನಿಯೊದಲ್ಲಿ. ಅಂದು ಕ್ರೀಡಾಂಗಣದ ಹವಾನಿಯಂತ್ರಣ ಕೆಟ್ಟು ಒಳಗೆ ಸುಮಾರು 32 ಡಿಗ್ರಿ ಸೆಕೆ. ನಮಗೆ ಅದು ಬೇಸಿಗೆಯ ಮಾಮೂಲಿ ಮಧ್ಯಾಹ್ನ, ಅವರಿಗೆ ನರಕ. ಜೇಮ್ಸ್ ಕಾಲಿನ ಸ್ನಾಯು ಸೆಳೆದು ಕೊನೆಯ ನಿಮಿಷಗಳಲ್ಲಿ ಆಡಲಾಗಲಿಲ್ಲ. ಸ್ಪರ್ಸ್ 110–95. ಎರಡನೆಯದನ್ನು ಮಯಾಮಿ 98–96ರಿಂದ ಗೆದ್ದಿತು.

ಹಿಂದಿನ ವರ್ಷ ಫ್ರೀ ಥ್ರೋ ತಪ್ಪಿದ್ದ ಲೆನಾರ್ಡ್ ಈ ಎರಡು ಪಂದ್ಯಗಳಲ್ಲಿ ಗಳಿಸಿದ್ದು ಒಂಬತ್ತೊಂಬತ್ತು ಅಂಕ ಮಾತ್ರ. ಮೊದಲೇ ಮಾತು ಕಡಿಮೆಯ ಹುಡುಗ. ಮೂವರು ಹಿರಿಯರ ನಡುವೆ ತಾನು ಮುನ್ನುಗ್ಗುವುದು ಹೇಗೆಂಬ ಸಂಕೋಚ. ಪೊಪೊವಿಚ್ ಕರೆದು, ಹಿರಿಯರ ದಾರಿ ಕಾಯಬೇಡ, ನಿನ್ನ ಆಟ ನೀನು ಆಡು ಎಂಬ ಅರ್ಥದ ಮಾತು ಹೇಳಿದರು. ಮೂರನೆಯ ಪಂದ್ಯದಲ್ಲಿ ಲೆನಾರ್ಡ್ 29 ಅಂಕ ಗಳಿಸಿದರು. ಅಲ್ಲಿಯವರೆಗೆ ಅಷ್ಟು ಅಂಕ ಅವರು ಯಾವ ಪಂದ್ಯದಲ್ಲೂ ಗಳಿಸಿರಲಿಲ್ಲ. ಅಂದು ಸ್ಪರ್ಸ್ ಎಸೆದ ಮೊದಲ 21 ಚೆಂಡುಗಳಲ್ಲಿ 19 ಬುಟ್ಟಿಗೆ ಬಿದ್ದವು. ಐದು ಜನರ ಕೈಯಲ್ಲಿ ಚೆಂಡು ಓಡಾಡುತ್ತಿದ್ದುದನ್ನು ಎದುರಾಳಿಗಳಿಗೆ ಹಿಂಬಾಲಿಸಲೇ ಆಗಲಿಲ್ಲ. 111–92. ಜೂನ್ 12ರಂದು ನಾಲ್ಕನೆಯದು 107–86.

ಮರುದಿನ ಜೂನ್ 13, ಸಂತ ಅಂತೋಣಿಯವರ ಹಬ್ಬ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೆಂದು ನಾವು ಅವರಲ್ಲಿ ಬೇಡುತ್ತೇವೆ. ಅವರ ಹೆಸರಿನ ಊರು ವರ್ಷದ ಹಿಂದೆ ಕಳೆದುಕೊಂಡದ್ದು ಅದೇ ವಾರದಲ್ಲಿ ಸಿಕ್ಕಿತು. ಇದನ್ನು ಪವಾಡವೆಂದು ನಾನು ಹೇಳುತ್ತಿಲ್ಲ. ಸಂತರಿಗೆ ಇದಕ್ಕಿಂತ ಮುಖ್ಯವಾದ ಕೆಲಸಗಳಿರುತ್ತವೆ.

ಜೂನ್ 15ರಂದು ಐದನೆಯ ಪಂದ್ಯ. ಆರಂಭದಲ್ಲಿ ಸ್ಪರ್ಸ್ 22–6ರಿಂದ ಹಿಂದೆ ಬಿದ್ದಿತ್ತು. ಯಾರೂ ಗಾಬರಿಯಾಗಲಿಲ್ಲ. ಕೊನೆಗೆ 104–87. ಸರಣಿ 4–1. ಒಟ್ಟು ಐದು ಪಂದ್ಯಗಳಲ್ಲಿ 70 ಅಂಕಗಳ ಅಂತರ. ಅಂತಿಮ ಸರಣಿಗಳ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರ ಇರಲಿಲ್ಲ.

ಮುಂದಿನ ಕಥೆಯನ್ನು ಮುಚ್ಚಿಡುವುದು ಸರಿಯಲ್ಲ. ಆ ತಂಡ ಎಂದೆಂದಿಗೂ ಒಟ್ಟಿಗೆ ಉಳಿಯಲಿಲ್ಲ. ಡಂಕನ್ 2016ರಲ್ಲಿ ನಿವೃತ್ತರಾದರು, ಜಿನೊಬಿಲಿ 2018ರಲ್ಲಿ. ಲೆನಾರ್ಡ್ ಮತ್ತು ತಂಡದ ನಡುವೆ ಗಾಯದ ಚಿಕಿತ್ಸೆಯ ವಿಷಯದಲ್ಲಿ ಮನಸ್ತಾಪ ಬೆಳೆದು 2018ರಲ್ಲಿ ಅವರು ಟೊರೊಂಟೊಗೆ ಹೋದರು. ಪ್ರೀತಿಯಿಂದ ಬೆಳೆಸಿದ ಮಗ ಮುನಿಸಿಕೊಂಡು ಮನೆ ಬಿಟ್ಟಂತೆ ಆ ಊರಿನವರು ನೊಂದುಕೊಂಡರು. ಇಂಥದ್ದೂ ಮನೆಗಳಲ್ಲಿ ಆಗುತ್ತದೆ. ಪೊಪೊವಿಚ್ 2024ರ ನವೆಂಬರ್‌ನಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ 2025ರ ಮೇ ತಿಂಗಳಲ್ಲಿ ತರಬೇತುದಾರನ ಹೊಣೆ ಬಿಟ್ಟರು.

ಮತ್ತೆ 2014ರ ಆ ರಾತ್ರಿಗೆ ಬರೋಣ. ಆ ಭಾನುವಾರ ಅಮೆರಿಕದಲ್ಲಿ ತಂದೆಯರ ದಿನ. ಲೆನಾರ್ಡ್ ಅವರ ತಂದೆ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟುಕೊಂಡಿದ್ದರು. 2008ರ ಜನವರಿಯಲ್ಲಿ ಅಲ್ಲೇ ಯಾರೋ ಅವರನ್ನು ಗುಂಡಿಟ್ಟು ಕೊಂದರು. ಹುಡುಗ ಆಗ ಹೈಸ್ಕೂಲಿನಲ್ಲಿದ್ದ. ಮರುದಿನವೇ ಶಾಲೆಯ ಪಂದ್ಯ ಆಡಿ, ಮುಗಿದ ಮೇಲೆ ತಾಯಿಯನ್ನು ತಬ್ಬಿಕೊಂಡು ಅತ್ತಿದ್ದ. ಆರು ವರ್ಷದ ನಂತರ ಅಂತಿಮ ಸರಣಿಯ ಶ್ರೇಷ್ಠ ಆಟಗಾರನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದರು. ಇಪ್ಪತ್ತೆರಡರ ಲೆನಾರ್ಡ್. ಎಂದೂ ನಗದ ಆ ಮುಖ ಅರಳಿತು. ಡಂಕನ್, ಜಿನೊಬಿಲಿ, ಪಾರ್ಕರ್, ಮಿಲ್ಸ್, ಎಲ್ಲರೂ ಸುತ್ತ ಮುಗಿಬಿದ್ದು ಅವರ ತಲೆ ಬೆನ್ನು ತಟ್ಟುತ್ತಾ ಕುಣಿದಾಡಿಬಿಟ್ಟರು.